ಗರಗಸದ ಮೇಜೂ ಬಡಗಿಯ ಬೆರಳೂ

ಮರಗೆಲಸದವನೊಬ್ಬನ ಬೆರಳು ಯಂತ್ರಗರಗಸಕ್ಕೆ ಸಿಕ್ಕಿ ಹೋಯಿತೆಂಬ ಸುದ್ದಿ ಕಿವಿಗೆ ಬಿದ್ದಾಗ ನಮ್ಮ ಬಾಯಿಂದ ಮೊದಲು ಹೊರಡುವುದು ಅನುಕಂಪದ ಉದ್ಗಾರ. ಅದರ ಬೆನ್ನಿಗೇ, ಉಸಿರು ತೆಗೆದುಕೊಳ್ಳುವಷ್ಟೂ ವ್ಯವಧಾನವಿಲ್ಲದೆ ಹೊರಡುವುದು ತೀರ್ಪು: 'ಸ್ವಲ್ಪ ಜೋಪಾನವಾಗಿರಬೇಕಾಗಿತ್ತು.' ಈ ತೀರ್ಪನ್ನು ಹೇಳುವವರಲ್ಲಿ ಮನೆ ಕಟ್ಟಿಸುವ ಯಜಮಾನರೂ ಗುತ್ತಿಗೆದಾರರೂ ಆಸ್ಪತ್ರೆಯ ಹೊರಗೆ ಕಾದು ನಿಂತ ಜೊತೆಗೆಲಸಗಾರರೂ ಇರುತ್ತಾರೆ. ಅಷ್ಟೇಕೆ, ಬೆರಳು ಕಳೆದುಕೊಂಡವನೇ ತನ್ನನ್ನು ಹಾಗೆ ಹಳಿದುಕೊಳ್ಳುವುದೂ ಉಂಟು. ಅಜಾಗರೂಕತೆ ಎಂಬ ಒಂದು ಪದದಿಂದ ಇಡೀ ಪ್ರಕರಣ ಇತ್ಯರ್ಥವಾಗಿಬಿಡುತ್ತದೆ. ಯಂತ್ರವನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ಪೇಟೆಯಲ್ಲಿ ಟೇಬಲ್ ಸಾ ಎಂದು ಮಾರಾಟವಾಗುವ ಮೇಜುಗರಗಸದ ವಿಷಯದಲ್ಲಿ ಜೋಪಾನವೆಂಬುದು ಮೊದಲು ಯಂತ್ರದ ರಚನೆಯಲ್ಲಿರಬೇಕಾದ ಗುಣ, ಆಮೇಲೆ ಮನುಷ್ಯನ ಮನಸ್ಸಿನಲ್ಲಿರಬೇಕಾದದ್ದು. ಮೊದಲನೆಯದನ್ನು ಕಿತ್ತುಹಾಕಿ ಎರಡನೆಯದನ್ನು ಮಾತ್ರ ಕೇಳುವವರು ಆ ಗಾಯಕ್ಕೆ ತಾವೂ ಭಾಗಿಗಳೆಂದು ನಾನು ತಿಳಿಯುತ್ತೇನೆ.

ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಆಗತಾನೇ ಕಟ್ಟಿ ಮುಗಿದ ಅಪಾರ್ಟ್‌ಮೆಂಟಿನ ಮನೆಯೊಂದರಲ್ಲಿ ಅಡುಗೆಮನೆಯ ಕಪಾಟು, ಮಲಗುವ ಕೋಣೆಯ ವಾರ್ಡ್‌ರೋಬು, ದೇವರ ಮಂಟಪ ಮೊದಲಾದುವುಗಳ ಕೆಲಸ ನಡೆಯುತ್ತಿರುವಾಗ ಒಳಕ್ಕೆ ಹೋಗಿ ನೋಡಿದವರಿಗೆ ನಡುಮನೆಯಲ್ಲಿ ನಿಂತ ಒಂದು ಮೇಜು ಕಾಣಿಸುತ್ತದೆ. ಅಲ್ಲೇ ಬಿದ್ದಿದ್ದ ರೀಪುಗಳನ್ನು ಕಾಲುಗಳಾಗಿ ಮಾಡಿ ಮೇಲೆ ಒಂದು ಪ್ಲೈವುಡ್ ಹಾಳೆಯನ್ನು ಹೊಡೆದು, ಹಾಳೆಯ ನಡುವೆ ಒಂದು ಸೀಳನ್ನು ಕೊರೆದು, ಕೈಯಲ್ಲಿ ಹಿಡಿದು ಕೊಯ್ಯುವುದಕ್ಕೆಂದು ತಯಾರಾದ ಕಟಿಂಗ್ ಮೆಷಿನ್ನನ್ನು ತಲೆಕೆಳಗಾಗಿ ಅದರಡಿಯಲ್ಲಿ ಸ್ಕ್ರೂಗಳಿಂದ ಬಿಗಿದರೆ ಆ ಮೇಜು ಸಿದ್ಧವಾಯಿತು. ಅರ್ಧ ದಿನದ ಕೆಲಸ. ಖರ್ಚು ಇಲ್ಲವೆನ್ನುವಷ್ಟು ಕಡಮೆ. ರಾಜಸ್ಥಾನದಿಂದಲೋ ಬಿಹಾರದಿಂದಲೋ ಬಂದ ತಂಡವಾಗಲಿ, ನಮ್ಮದೇ ತಾಲ್ಲೂಕಿನಿಂದ ಬಂದ ಆಚಾರಿಗಳ ತಂಡವಾಗಲಿ, ಈ ಉಪಾಯವನ್ನು ಅರಿಯದವರು ವಿರಳ. ಮೇಜಿನ ಹಿಂದಿರುವ ಬುದ್ಧಿವಂತಿಕೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ದಿನಕ್ಕೊಂದು ಮನೆಯಂತೆ ಅಲೆಯುವವನು, ಎಂಟಡಿ ಉದ್ದದ ಹಾಳೆಯನ್ನು ನೆಟ್ಟಗೆ ಸೀಳಲೇಬೇಕಾದವನು, ಹತ್ತಾರು ಸಾವಿರ ರೂಪಾಯಿಯ ಯಂತ್ರವನ್ನು ಕೊಳ್ಳಲಾರದವನು ಮತ್ತೇನು ಮಾಡಿಯಾನು?

ಆದರೆ ಕೈಯಂತ್ರವನ್ನು ತಲೆಕೆಳಗು ಮಾಡಿದ ಕ್ಷಣದಲ್ಲಿ ಅದನ್ನು ಕಲ್ಪಿಸಿದ ಎಂಜಿನಿಯರನು ಅದರೊಳಗೆ ಇಟ್ಟಿದ್ದ ರಕ್ಷಣೆಗಳೆಲ್ಲ ಒಂದೊಂದಾಗಿ ಕಳಚಿಬೀಳುತ್ತವೆ. ಬ್ಲೇಡು ಮರದಿಂದ ಹೊರಬಂದೊಡನೆ ಸ್ಪ್ರಿಂಗಿನ ಬಲದಿಂದ ತಾನೇ ಮುಚ್ಚಿಕೊಳ್ಳುವ ಕೆಳಗಾರ್ಡು ಈಗ ಅಡ್ಡಿಯಾಗುತ್ತದೆಯಾದುದರಿಂದ ಅದನ್ನು ತಂತಿಯಿಂದ ಹಿಂದಕ್ಕೆ ಕಟ್ಟುತ್ತಾರೆ. ಬೆರಳು ಬಿಟ್ಟೊಡನೆ ಯಂತ್ರವನ್ನು ನಿಲ್ಲಿಸಲೆಂದು ಇರುವ ಗುಂಡಿಯನ್ನು ಒತ್ತಿದಂತೆಯೇ ಇರುವ ಹಾಗೆ ಟೇಪು ಸುತ್ತುತ್ತಾರೆ. ಅಲ್ಲಿಂದ ಮುಂದೆ ಯಂತ್ರವನ್ನು ನಿಲ್ಲಿಸಬೇಕಾದರೆ ಗೋಡೆಯ ಬಳಿಗೆ ನಡೆದು ಪ್ಲಗ್ಗಿನ ಸ್ವಿಚ್ಚು ಆರಿಸಬೇಕು. ಇನ್ನು ಕೆಲವೆಡೆ ಕಲ್ಲು ಕೊಯ್ಯುವ ಮಾರ್ಬಲ್ ಕಟರಿಗೇ ಹಲ್ಲಿನ ಬ್ಲೇಡನ್ನು ಹಾಕಿ ಹೀಗೆ ಬಿಗಿದಿರುತ್ತಾರೆ. ಅದು ನಿಮಿಷಕ್ಕೆ 12 ಸಾವಿರ ಸುತ್ತು ತಿರುಗುವ ಯಂತ್ರ. 110 ಮಿಲಿಮೀಟರು ವ್ಯಾಸದ ಅದರ ಬ್ಲೇಡಿನ ಅಂಚು ಗಂಟೆಗೆ ಸುಮಾರು 250 ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ.

ವೃತ್ತಾಕಾರದ ಗರಗಸ ಹೊಸ ವಸ್ತುವೇನಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಎಂಬುವನಿಗೆ 1777ರಲ್ಲಿ ದೊರೆತ ಪೇಟೆಂಟಿನಲ್ಲಿಯೇ ಅದರ ಉಲ್ಲೇಖವಿದೆ. ಅಂದಿನಿಂದ ಇಂದಿನವರೆಗೆ ಅದರ ಮೂಲತತ್ತ್ವ ಬದಲಾಗಿಲ್ಲ, ಅದರ ಅಪಾಯದ ಮೂಲವೂ ಬದಲಾಗಿಲ್ಲ. ಮೇಜಿನ ಮೇಲೆ ಅರ್ಧಚಂದ್ರದಂತೆ ಎದ್ದು ನಿಂತ ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಲಸಗಾರನ ಕಡೆಗೆ ತಿರುಗುತ್ತ ಕೆಳಕ್ಕೆ ಇಳಿಯುತ್ತವೆ. ಆದುದರಿಂದ ಮುಂದಿನಿಂದ ತಳ್ಳಿದ ಮರವನ್ನು ಅವು ಮೇಜಿಗೆ ಒತ್ತಿ ಹಿಡಿಯುತ್ತವೆ. ಇದು ಬ್ಲೇಡಿನ ಸಜ್ಜನ ಭಾಗ. ಹಿಂಭಾಗದ ಹಲ್ಲುಗಳಾದರೋ ಮೇಜಿನ ಕೆಳಗಿನಿಂದ ಮೇಲಕ್ಕೆ ಏರಿಬರುತ್ತಿರುತ್ತವೆ. ಕೊಯ್ದ ಮರ ನೆಟ್ಟಗೆ ಮುಂದೆ ಸಾಗುತ್ತಿರುವವರೆಗೆ ಈ ಹಲ್ಲುಗಳಿಗೆ ಯಾವ ಕೆಲಸವೂ ಇಲ್ಲ. ಅವು ತಾವೇ ಮಾಡಿದ ಸೀಳಿನೊಳಗೆ ಖಾಲಿಯಾಗಿ ಸುತ್ತುತ್ತವೆ. ಆದರೆ ಯಾವುದಾದರೂ ಕಾರಣದಿಂದ ಮರ ಒಂದಿಷ್ಟು ಓರೆಯಾಗಿ ಈ ಹಿಂಭಾಗಕ್ಕೆ ತಗುಲಿದರೆ, ಏರುತ್ತಿರುವ ಹಲ್ಲುಗಳು ಅದನ್ನು ಮೇಜಿನಿಂದ ಎತ್ತಿ, ಬ್ಲೇಡಿನ ನೆತ್ತಿಯ ಮೇಲೆ ಹತ್ತಿಸಿ, ತಳ್ಳುತ್ತಿದ್ದವನ ಹೊಟ್ಟೆಯ ಕಡೆಗೋ ಎದೆಯ ಕಡೆಗೋ ಎಸೆಯುತ್ತವೆ. ಕಿಕ್‌ಬ್ಯಾಕ್ ಎಂದು ತಯಾರಕರ ಕೈಪಿಡಿಗಳು ಹೇಳುವುದು ಇದನ್ನೇ. ಎಸೆತದ ಪೆಟ್ಟಿಗಿಂತಲೂ ಕ್ರೂರವಾದುದು ಅದರ ಜೊತೆಗೆ ನಡೆಯುವ ಇನ್ನೊಂದು ಸಂಗತಿ: ಮರ ಹಾರಿಹೋದೊಡನೆ, ಅದನ್ನು ಒತ್ತಿ ಹಿಡಿದಿದ್ದ ಕೈ ಆಧಾರ ತಪ್ಪಿ, ತಾನು ಒತ್ತುತ್ತಿದ್ದ ದಿಕ್ಕಿನಲ್ಲಿಯೇ, ಅಂದರೆ ಬ್ಲೇಡಿನ ಮೇಲಕ್ಕೇ ಬೀಳುತ್ತದೆ.

ಅಂತಹ ಗಳಿಗೆಯಲ್ಲಿ ಎಚ್ಚರದಿಂದಿದ್ದವನು ಕೈ ಹಿಂತೆಗೆಯಬಹುದಲ್ಲವೆ ಎಂದು ಕೇಳುವವರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬೇಕು. 40 ಹಲ್ಲುಗಳ ಬ್ಲೇಡು ನಿಮಿಷಕ್ಕೆ 3 ಸಾವಿರ ಸುತ್ತು ತಿರುಗಿದರೆ ಒಂದು ಸೆಕೆಂಡಿನಲ್ಲಿ ಒಂದು ಬಿಂದುವನ್ನು ದಾಟಿಹೋಗುವ ಹಲ್ಲುಗಳು 2 ಸಾವಿರ. ನಮ್ಮ ನರಮಂಡಲ ಏನೋ ಆಯಿತೆಂದು ಗ್ರಹಿಸಿ ಸ್ನಾಯುವಿಗೆ ಆಜ್ಞೆ ಕಳುಹಿಸಿ ಕೈಯನ್ನು ಕದಲಿಸುವುದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ 400 ಹಲ್ಲುಗಳು ಬೆರಳಿನ ಮೂಲಕ ಹಾದುಹೋಗಿರುತ್ತವೆ. ಮೂವತ್ತು ವರ್ಷಗಳ ಅನುಭವ ಕಣ್ಣಳತೆಯನ್ನು ಹರಿತಗೊಳಿಸಬಹುದು, ಮರದ ಜಾತಿಯನ್ನು ವಾಸನೆಯಿಂದಲೇ ಹೇಳುವ ಶಕ್ತಿಯನ್ನು ಕೊಡಬಹುದು. ಈ ಐದನೆಯ ಒಂದು ಭಾಗವನ್ನು ಅದು ಕಡಮೆ ಮಾಡಲಾರದು. ಉಳಿ, ಬಾಚಿ, ಕೈಗರಗಸಗಳನ್ನು ಹಿಡಿದವರಲ್ಲಿ ಅನುಭವವೇ ರಕ್ಷಣೆಯಾಗಿತ್ತು. ಏಕೆಂದರೆ ಅಲ್ಲಿ ಉಪಕರಣದ ವೇಗ ಕೈಯ ವೇಗವೇ ಆಗಿತ್ತು. ಆ ಕಾಲದ ನೀತಿಯನ್ನು ಈ ಯಂತ್ರಕ್ಕೆ ಅನ್ವಯಿಸುವುದು ನ್ಯಾಯವಲ್ಲ.

ಮರವೇಕೆ ಓರೆಯಾಗುತ್ತದೆ? ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ಮರದ ಒಳಗೇ ಇರುವುದು. ಬೆಳೆಯುವಾಗಲೂ ಒಣಗುವಾಗಲೂ ಮರದ ನಾರುಗಳಲ್ಲಿ ಸೆಳೆತಗಳು ಕೂಡಿಕೊಂಡಿರುತ್ತವೆ. ಉದ್ದಕ್ಕೆ ಸೀಳಿದಾಗ ಆ ಸೆಳೆತಗಳು ಬಿಡುಗಡೆಯಾಗಿ ಎರಡು ಹೋಳುಗಳೂ ಒಂದಕ್ಕೊಂದು ಬಾಗಿ, ಸೀಳು ಮುಚ್ಚಿಕೊಂಡು, ಬ್ಲೇಡಿನ ಹಿಂಭಾಗವನ್ನು ಇಕ್ಕಳದಂತೆ ಕಚ್ಚುತ್ತದೆ. ಚೆನ್ನಾಗಿ ಹದವಾದ ತೇಗದ ಹಲಗೆಯಲ್ಲಿ ಇದು ಅಪರೂಪ. ಹಸಿಯಿರುವಾಗಲೇ ಕೊಯ್ದ ಮರದಲ್ಲಿ, ಗಂಟುಗಂಟಾದ ಹಲಗೆಯಲ್ಲಿ ಸಾಮಾನ್ಯ. ಎರಡನೆಯ ಕಾರಣ ಮೇಜಿನದು. ಮರ ಒರಗಿಕೊಂಡು ಸಾಗಬೇಕಾದ ಫೆನ್ಸು, ಅಂದರೆ ಅಳತೆಗೆ ತಕ್ಕಂತೆ ಬಿಗಿಯುವ ಪಕ್ಕದ ಪಟ್ಟಿ, ಬ್ಲೇಡಿಗೆ ಸಮಾನಾಂತರವಾಗಿಲ್ಲದೆ ಹಿಂಬದಿಯಲ್ಲಿ ಕೂದಲೆಳೆಯಷ್ಟು ಒಳಕ್ಕೆ ಸರಿದಿದ್ದರೂ ಸಾಕು, ಮರ ಮುಂದೆ ಹೋದಂತೆಲ್ಲ ಕಿರಿದಾಗುವ ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಬ್ಲೇಡಿಗೆ ಒತ್ತಲ್ಪಡುತ್ತದೆ. ಎರಡು ಮೊಳೆಗಳಿಂದ ಹೊಡೆದ ರೀಪಿನ ತುಂಡೇ ಫೆನ್ಸಾಗಿರುವ ನಮ್ಮ ಸೈಟಿನ ಮೇಜುಗಳಲ್ಲಿ ಸಮಾನಾಂತರತೆ ಕೇವಲ ಅದೃಷ್ಟದ ಮಾತು.

ಈ ಎರಡಕ್ಕೂ ಪರಿಹಾರವಾಗಿ ಮನುಷ್ಯರು ಕಂಡುಕೊಂಡ ಭಾಗ ಅತ್ಯಂತ ಸರಳವಾದುದು. ಬ್ಲೇಡಿನ ಬೆನ್ನಹಿಂದೆ, ಅದರದೇ ರೇಖೆಯಲ್ಲಿ, ಅದರ ವಕ್ರತೆಯನ್ನೇ ಅನುಸರಿಸಿ ನಿಂತ ಒಂದು ಉಕ್ಕಿನ ಪಟ್ಟಿ. ರೈವಿಂಗ್ ನೈಫ್ ಎಂದು ಅದಕ್ಕೆ ಹೆಸರು. ಬ್ಲೇಡಿನ ತಗಡಿಗಿಂತ ಅದು ತುಸು ದಪ್ಪ, ಹಲ್ಲುಗಳು ಕೊಯ್ಯುವ ಸೀಳಿಗಿಂತ ತುಸು ತೆಳು. ಮರ ಮುಚ್ಚಿಕೊಳ್ಳಲು ಬಂದರೆ ಈ ಪಟ್ಟಿಯನ್ನು ಕಚ್ಚುತ್ತದೆಯೇ ಹೊರತು ಬ್ಲೇಡನ್ನಲ್ಲ. ಮರ ಓರೆಯಾಗಲು ಹೊರಟರೆ ಪಟ್ಟಿ ಅದನ್ನು ಏರುವ ಹಲ್ಲುಗಳಿಂದ ದೂರವಿಡುತ್ತದೆ. ಅದರಲ್ಲಿ ಚಲಿಸುವ ಭಾಗವಿಲ್ಲ, ವಿದ್ಯುತ್ತಿಲ್ಲ, ಸವೆಯುವಂಥದೇನೂ ಇಲ್ಲ. ಬ್ಲೇಡನ್ನು ಏರಿಸಿ ಇಳಿಸಿದಾಗ ತಾನೂ ಜೊತೆಗೆ ಏರಿ ಇಳಿಯುವಂತೆ ಅದನ್ನು ಈಗ ಜೋಡಿಸುತ್ತಾರೆ. ಕೈ ಬ್ಲೇಡಿಗೆ ತಾಕದಂತೆ ಮೇಲಿನಿಂದ ಮುಚ್ಚುವ ಗಾರ್ಡು ಇದರ ಜೊತೆಗಾರ. ಯಂತ್ರವಿಜ್ಞಾನದ ಇತಿಹಾಸದಲ್ಲಿ ಇಷ್ಟು ಅಗ್ಗದ ಲೋಹದ ತುಂಡೊಂದು ಇಷ್ಟು ಕೈಗಳನ್ನು ಉಳಿಸಿರುವ ನಿದರ್ಶನಗಳು ಹೆಚ್ಚಿಲ್ಲವೆಂದೇ ನಾನು ಭಾವಿಸುತ್ತೇನೆ.

ಇದೇನು ನಿನ್ನೆ ಮೊನ್ನೆಯ ಅರಿವಲ್ಲ. ಬ್ರಿಟನ್ನಿನ ಮರಗೆಲಸ ಯಂತ್ರಗಳ ನಿಯಮಗಳು 1922ರಲ್ಲಿಯೇ ಈ ಪಟ್ಟಿಯನ್ನು ಕಡ್ಡಾಯ ಮಾಡಿದ್ದುವು. ನಮ್ಮ 1948ರ ಕಾರ್ಖಾನೆಗಳ ಕಾಯಿದೆ ತನ್ನ 21ನೆಯ ವಿಧಿಯಲ್ಲಿ ಅಪಾಯಕರ ಯಂತ್ರಭಾಗಗಳಿಗೆ ಭದ್ರವಾದ ಬೇಲಿ ಇರತಕ್ಕದ್ದೆಂದು ಆಜ್ಞಾಪಿಸಿತು. ಅದರ ಕೆಳಗೆ ರಾಜ್ಯಗಳು ರಚಿಸಿದ ನಿಯಮಗಳಲ್ಲಿ ಮರಗೆಲಸದ ಯಂತ್ರಗಳಿಗೆಂದೇ ಒಂದು ಅನುಸೂಚಿಯನ್ನಿಟ್ಟು, ಬ್ಲೇಡಿನ ಹಿಂದಿನ ಪಟ್ಟಿ ಎಷ್ಟು ಸಮೀಪದಲ್ಲಿರಬೇಕು, ಮೇಲಿನ ಗಾರ್ಡು ಹೇಗಿರಬೇಕು, ಮೇಜಿನ ಕೆಳಗಿನ ಬ್ಲೇಡನ್ನು ತಗಡುಗಳಿಂದ ಹೇಗೆ ಮರೆಮಾಡಬೇಕು, ತಳ್ಳುವುದಕ್ಕೆ ಒಂದು ಕೋಲನ್ನು ಒದಗಿಸಬೇಕು ಎಂಬುದನ್ನೆಲ್ಲ ಅಳತೆಗಳ ಸಹಿತ ಬರೆದಿಟ್ಟಿದ್ದಾರೆ. ಓದಿದರೆ, ಮರಗೆಲಸವನ್ನು ಕಣ್ಣಾರೆ ಕಂಡವರು ಬರೆದದ್ದೆಂಬುದರಲ್ಲಿ ಸಂದೇಹವುಳಿಯುವುದಿಲ್ಲ. ಆದರೆ ಆ ಕಾಯಿದೆಗೆ ಕಾರ್ಖಾನೆಯೆಂದರೆ ವಿದ್ಯುತ್ತಿನಿಂದ ಕೆಲಸ ನಡೆಯುವಲ್ಲಿ ಹತ್ತು ಜನರಾದರೂ ದುಡಿಯುವ ಸ್ಥಳವಾಗಿತ್ತು; ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆಯಾದರೋ ಈ ಹತ್ತನ್ನು ಇಪ್ಪತ್ತು ಮಾಡಿತು. ಮೂವರು ಬಡಗಿಗಳೂ ಒಬ್ಬ ಹುಡುಗನೂ ಇರುವ ಎರಡು ಕೋಣೆಯ ಫ್ಲ್ಯಾಟಿಗೆ ಯಾವ ಇನ್‌ಸ್ಪೆಕ್ಟರನೂ ಬರುವುದಿಲ್ಲ. ಎಲ್ಲಿ ಯಂತ್ರ ಅತ್ಯಂತ ಅಪಾಯಕರವಾಗಿದೆಯೋ ಅಲ್ಲಿಗೆ ಸರಿಯಾಗಿ ಕಾನೂನಿನ ಕೈ ಮುಟ್ಟದೆ ನಿಲ್ಲುತ್ತದೆ.

ಗಾರ್ಡು ಕೆಲಸಕ್ಕೆ ಅಡ್ಡ ಬರುತ್ತದೆಂಬುದು ಬಡಗಿಗಳ ದೂರು. ಈ ದೂರಿನಲ್ಲಿ ಸತ್ಯಾಂಶವಿದೆಯೆಂದು ಒಪ್ಪದಿರುವುದು ಅಪ್ರಾಮಾಣಿಕತೆಯಾದೀತು. ಹಲಗೆಯಲ್ಲಿ ಗಾಡಿ, ಅಂದರೆ ಉದ್ದನೆಯ ತೋಡು, ತೆಗೆಯುವಾಗ, ಅರ್ಧ ಇಂಚಿನ ಬೀಡಿಂಗ್ ಪಟ್ಟಿಗಳನ್ನು ಸೀಳುವಾಗ ಮೇಲಿನ ಗಾರ್ಡು ನಿಜವಾಗಿಯೂ ತೊಡಕು. ಅಗ್ಗದ ಯಂತ್ರಗಳಲ್ಲಿ ಅದು ಅಲುಗಾಡುತ್ತದೆ, ಮೇಲೆ ಹೊಟ್ಟು ಕೂತು ಗೆರೆ ಕಾಣದಂತಾಗುತ್ತದೆ. ಆದರೆ ಹಿಂದಿನ ಪಟ್ಟಿಯ ಮೇಲೆ ಈ ಆಕ್ಷೇಪಣೆ ನಿಲ್ಲುವುದಿಲ್ಲ. ಬ್ಲೇಡಿನ ನೆತ್ತಿಗಿಂತ ತುಸು ಕೆಳಗೇ ನಿಲ್ಲುವಂತೆ ಮಾಡಿದ ಪಟ್ಟಿ ಗಾಡಿ ತೆಗೆಯುವುದಕ್ಕೂ ಅಡ್ಡಿಯಲ್ಲ. ಒಂದು ಕೆಲಸಕ್ಕಾಗಿ ತೆಗೆದ ಗಾರ್ಡನ್ನು ಆ ಕೆಲಸ ಮುಗಿದ ಮೇಲೆ ಮತ್ತೆ ಹಾಕದಿರುವುದು ಮಾತ್ರ ಯಾವ ತರ್ಕಕ್ಕೂ ನಿಲ್ಲದ ಅಭ್ಯಾಸ.

ಇನ್ನು ಯಂತ್ರವನ್ನು ಹೂಡುವ ಮತ್ತು ನಡೆಸುವ ಕ್ರಮದ ಬಗ್ಗೆ. ಮೇಜು ಅಲುಗದ ನೆಲದ ಮೇಲೆ ನಿಲ್ಲಬೇಕು. ಎಂಟಡಿಯ ಹಾಳೆ ಬ್ಲೇಡನ್ನು ದಾಟಿದ ಮೇಲೆ ಕೆಳಕ್ಕೆ ಜೋಲದಂತೆ ಹಿಂದುಗಡೆ ಅದೇ ಎತ್ತರದ ಇನ್ನೊಂದು ಆಧಾರವಿರಬೇಕು. ಈ ಆಧಾರವಿಲ್ಲದ ಕಡೆ ಹುಡುಗನೊಬ್ಬನನ್ನು ಆಚೆಕಡೆ ನಿಲ್ಲಿಸಿ ಮರವನ್ನು ಎಳೆದುಕೊಳ್ಳುವಂತೆ ಹೇಳುವುದು ನಮ್ಮಲ್ಲಿ ವಾಡಿಕೆ. ಎಳೆಯುವವನು ಆತುರಪಟ್ಟರೆ ತಳ್ಳುವವನ ಕೈ ಮರದೊಡನೆ ಬ್ಲೇಡಿನ ಕಡೆಗೆ ಸಾಗುತ್ತದೆ. ಒಬ್ಬನ ಬೆರಳು ಇನ್ನೊಬ್ಬನ ಅವಸರಕ್ಕೆ ಒತ್ತೆಯಾಗುತ್ತದೆ. ಸಹಾಯಕನು ಮರದ ಭಾರವನ್ನು ಹೊರಬೇಕೇ ಹೊರತು ಎಳೆಯಬಾರದು. ದಾರಿಯನ್ನು ನಿರ್ಧರಿಸುವವನು ಒಬ್ಬನೇ ಆಗಿರಬೇಕು.

ಫೆನ್ಸಿನ ಪರೀಕ್ಷೆಗೆ ದುಬಾರಿ ಉಪಕರಣವೇನೂ ಬೇಕಿಲ್ಲ. ಪ್ಲಗ್ಗನ್ನು ಕಿತ್ತ ಮೇಲೆ ಬ್ಲೇಡಿನ ಒಂದು ಹಲ್ಲಿಗೆ ಗುರುತು ಮಾಡಿ, ಅದನ್ನು ಮುಂಭಾಗಕ್ಕೆ ತಂದು ಫೆನ್ಸಿನಿಂದ ಅದರ ದೂರವನ್ನು ಅಳೆದು, ಅದೇ ಹಲ್ಲನ್ನು ಕೈಯಿಂದ ಹಿಂಭಾಗಕ್ಕೆ ತಿರುಗಿಸಿ ಮತ್ತೆ ಅಳೆಯಬೇಕು. ಎರಡು ಅಳತೆಗಳೂ ಒಂದಾಗಿದ್ದರೆ ಸರಿ. ಹಿಂಬದಿಯಲ್ಲಿ ಕಡಮೆಯಾಗಿದ್ದರೆ ಆ ಮೇಜಿನ ಮೇಲೆ ಒಂದು ರೀಪನ್ನೂ ಸೀಳಕೂಡದು. ಬ್ಲೇಡು ಮರದ ಮೇಲ್ಮೈಗಿಂತ ಒಂದು ಹಲ್ಲಿನಷ್ಟು ಮಾತ್ರ ಮೇಲಿದ್ದರೆ ಸಾಕು. ಮುಕ್ಕಾಲು ಇಂಚಿನ ಪ್ಲೈವುಡ್ ಕೊಯ್ಯುವುದಕ್ಕೆ ಮೂರು ಇಂಚು ಬ್ಲೇಡನ್ನು ಹೊರಗೆ ತೋರಿಸಿಕೊಂಡು ನಿಲ್ಲುವುದರಿಂದ ಲಾಭವಿಲ್ಲ. ಬ್ಲೇಡು ಹರಿತವಾಗಿರಬೇಕೆಂಬುದನ್ನು ಬಡಗಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಉದ್ದಕ್ಕೆ ಸೀಳುವುದಕ್ಕೆ ಕಡಮೆ ಹಲ್ಲಿನ ಬ್ಲೇಡು, ಪ್ಲೈವುಡ್ಡಿಗೂ ಅಡ್ಡಕೊಯ್ತಕ್ಕೂ ಹೆಚ್ಚು ಹಲ್ಲಿನದು ಎಂಬ ಭೇದವನ್ನು ಪಾಲಿಸದೆ ಒಂದೇ ಬ್ಲೇಡಿನಲ್ಲಿ ತಿಂಗಳುಗಟ್ಟಲೆ ಎಲ್ಲವನ್ನೂ ಕೊಯ್ಯುವಾಗ, ಮೊಂಡಾದ ಹಲ್ಲಿಗೆ ಪ್ರತಿಯಾಗಿ ಮೈಭಾರವೆಲ್ಲ ಮರದ ಮೇಲೆ ಬೀಳುತ್ತದೆ. ಹಾಗೆ ಮೈಭಾರ ಹಾಕಿ ತಳ್ಳುವವನು ಮರ ಸರಕ್ಕನೆ ಜಾರಿದಾಗ ತನ್ನನ್ನು ತಡೆದುಕೊಳ್ಳಲಾರ. ಹಳೆಯ ಮನೆಯ ತೊಲೆಗಳನ್ನು ಮತ್ತೆ ಬಳಸುವ ಪದ್ಧತಿ ಮೆಚ್ಚತಕ್ಕದ್ದೇ. ಆದರೆ ಅವುಗಳ ಒಡಲಲ್ಲಿ ಅಡಗಿದ ಮೊಳೆಗಳನ್ನು ಹುಡುಕಿ ತೆಗೆಯದೆ ಬ್ಲೇಡಿಗೆ ಒಡ್ಡಬಾರದು.

ಸ್ವಿಚ್ಚಿನ ಮಾತನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು, ಏಕೆಂದರೆ ಅದು ನಮ್ಮ ನಾಡಿನ ವಿಶೇಷ ಸಂಕಟಕ್ಕೆ ಸಂಬಂಧಿಸಿದ್ದು. ಕರೆಂಟು ಹೋಗುತ್ತದೆ, ಯಂತ್ರ ನಿಲ್ಲುತ್ತದೆ, ಬಡಗಿ ಆ ಬಿಡುವಿನಲ್ಲಿ ಬ್ಲೇಡಿನ ಸೀಳಿನಲ್ಲಿ ಸಿಕ್ಕ ಚೂರನ್ನು ಬೆರಳಿನಿಂದ ತೆಗೆಯುತ್ತಾನೆ, ಇಲ್ಲವೆ ಬ್ಲೇಡಿನ ನಟ್ಟನ್ನು ಬಿಗಿಮಾಡುತ್ತಾನೆ, ಅಷ್ಟರಲ್ಲಿ ಕರೆಂಟು ಬರುತ್ತದೆ. ಟೇಪು ಸುತ್ತಿದ ಗುಂಡಿಯ ಯಂತ್ರಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಅದು ಹೊರಟೇಬಿಡುತ್ತದೆ. ಒಳ್ಳೆಯ ಮೇಜುಗರಗಸಗಳಲ್ಲಿ, ಕರೆಂಟು ಹೋದೊಡನೆ ತಾನೇ ಕಡಿದುಕೊಂಡು, ಮತ್ತೆ ಕೈಯಿಂದ ಒತ್ತಿದ ಹೊರತು ಚಾಲೂ ಆಗದ ಸ್ವಿಚ್ಚು ಇರುತ್ತದೆ. ಅದರ ಕೆಂಪು ಗುಂಡಿ ತೊಡೆಯಿಂದಲೋ ಮೊಣಕಾಲಿನಿಂದಲೋ ತಟ್ಟಿ ನಿಲ್ಲಿಸುವಷ್ಟು ದೊಡ್ಡದಾಗಿ, ಮುಂದುಗಡೆ ಇರುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಬಲ್ಲ ನಮ್ಮ ರೈತರಿಗೆ ಈ ತತ್ತ್ವ ಹೊಸದಲ್ಲ. ಬೇರೇನನ್ನು ಮಾಡಲಾಗದಿದ್ದರೂ ಇಂತಹ ಸ್ವಿಚ್ಚೊಂದನ್ನು ಸೈಟಿನ ಮೇಜಿನ ಮುಂಗಾಲಿಗೆ ಹಾಕಿಸುವುದು ಯಾವ ಎಲೆಕ್ಟ್ರಿಷಿಯನ್ನನಿಗೂ ಆಗಬಹುದಾದ ಕೆಲಸ. ಅರ್ತ್ ತಂತಿಯನ್ನು ಅವನು ಅದೇ ಸಮಯದಲ್ಲಿ ನೋಡಬಹುದು.

ಯಂತ್ರದ ಮುಂದೆ ನಿಲ್ಲುವವನು ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲಬೇಕು. ಎಸೆತ ಬಂದರೂ ಅದು ಖಾಲಿ ಜಾಗದಲ್ಲಿ ಹಾದುಹೋಗಲಿ. ಮರ ಕಿರಿದಾದಂತೆ ಬೆರಳಿನ ಬದಲು ತಳ್ಳುಗೋಲು ಕೆಲಸಕ್ಕೆ ಬರಬೇಕು. ಕೋಲನ್ನು ಮಾಡುವುದಕ್ಕೆ ಬೇಕಾದ ಪ್ಲೈವುಡ್ ಚೂರು ಬಡಗಿಯ ಕಾಲಡಿಯಲ್ಲಿಯೇ ಬಿದ್ದಿರುತ್ತದೆ, ಅದನ್ನು ಮಾಡುವ ವಿದ್ಯೆ ಅವನ ಕೈಯಲ್ಲಿಯೇ ಇದೆ. ಆದರೂ ಸೈಟುಗಳಲ್ಲಿ ತಳ್ಳುಗೋಲು ಕಾಣುವುದು ತೀರ ಅಪೂರ್ವ. ಯಾವ ಮರವನ್ನೂ ಆಸರೆಯಿಲ್ಲದೆ ಬರಿಗೈಯಿಂದ ಬ್ಲೇಡಿಗೆ ಒಡ್ಡಬಾರದು: ಸೀಳುವಾಗ ಫೆನ್ಸು, ಅಡ್ಡ ಕೊಯ್ಯುವಾಗ ಮೇಜಿನ ಗಾಡಿಯಲ್ಲಿ ಸರಿಯುವ ಅಡ್ಡಪಟ್ಟಿ ಬೇಕು. ಒಂದೇ ಕೊಯ್ತಕ್ಕೆ ಎರಡನ್ನೂ ಕೂಡಿಸಿದರೆ ತುಂಡಾದ ಚೂರು ಫೆನ್ಸಿಗೂ ಬ್ಲೇಡಿಗೂ ನಡುವೆ ಸಿಕ್ಕಿ ಹಾರುತ್ತದೆ. ಬ್ಲೇಡಿನ ಪಕ್ಕದಲ್ಲಿ ಬಿದ್ದ ಚೂರನ್ನು ಬ್ಲೇಡು ಪೂರ್ತಿ ನಿಲ್ಲುವವರೆಗೆ ಮುಟ್ಟಕೂಡದು. ಉಡುಪಿನ ವಿಷಯದಲ್ಲಿ ಬೇರೆ ದೇಶದ ಕೈಪಿಡಿಗಳು ಟೈ, ಉಂಗುರ, ಸಡಿಲ ತೋಳುಗಳನ್ನು ನಿಷೇಧಿಸುತ್ತವೆ. ನಮ್ಮಲ್ಲಿ ಆ ಪಟ್ಟಿಗೆ ಹೆಗಲ ಮೇಲಿನ ಟವೆಲನ್ನೂ ಮುಂಗೈಗೆ ಕಟ್ಟಿಕೊಂಡ ಕಾಶೀದಾರವನ್ನೂ ಎತ್ತಿ ಕಟ್ಟಿದ ಲುಂಗಿಯನ್ನೂ ಸೇರಿಸಬೇಕು. ಕೈಗವಸು ಹಾಕಿಕೊಂಡರೆ ಕ್ಷೇಮವೆಂಬುದು ಅನೇಕರ ಭ್ರಮೆ: ತಿರುಗುವ ಬ್ಲೇಡು ಬಟ್ಟೆಯ ಅಂಚನ್ನು ಹಿಡಿದರೆ ಅದರ ಜೊತೆಗೆ ಕೈಯನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಕನ್ನಡಕವೂ ಕಿವಿಯ ಮುಚ್ಚಳವೂ ಬೇಕು. ಮೂಗಿಗೆ ಒಳ್ಳೆಯ ಮಾಸ್ಕು ಬೇಕೇ ಬೇಕು, ಏಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಹೊಟ್ಟಿನ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ನಿಶ್ಚಿತವೆನ್ನಲಾದ ವಸ್ತುಗಳ ವರ್ಗಕ್ಕೆ ಸೇರಿಸಿ ದಶಕಗಳೇ ಆದುವು.

ಶ್ರೀಮಂತ ದೇಶಗಳಲ್ಲಿ ಎಲ್ಲವೂ ಸರಿಯಾಗಿದೆಯೆಂದು ಯಾರೂ ತಿಳಿಯಬಾರದು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜಿನ ಪ್ರಕಾರ 2015ರ ಒಂದೇ ವರ್ಷದಲ್ಲಿ ಅಲ್ಲಿನ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬ್ಲೇಡು ತಾಗಿ ಬಂದ ಮೇಜುಗರಗಸದ ಗಾಯಗಳು 30 ಸಾವಿರಕ್ಕೂ ಹೆಚ್ಚು. ಭೌತವಿಜ್ಞಾನವನ್ನು ಓದಿ ಪೇಟೆಂಟು ವಕೀಲಿಕೆ ಮಾಡುತ್ತಿದ್ದ ಆರಿಗನ್ನಿನ ಸ್ಟೀಫನ್ ಗ್ಯಾಸ್ ಎಂಬುವರು 1999ರಲ್ಲಿ ಒಂದು ಉಪಾಯವನ್ನು ಕಂಡುಹಿಡಿದರು: ಬ್ಲೇಡಿನಲ್ಲಿ ಒಂದು ಸೂಕ್ಷ್ಮ ವಿದ್ಯುತ್ ಸಂಕೇತವನ್ನು ಹರಿಸಿ, ಮನುಷ್ಯನ ಮೈ ತಾಕಿ ಅದು ಏರುಪೇರಾದೊಡನೆ ಅಲ್ಯುಮಿನಿಯಮ್ಮಿನ ಗಟ್ಟಿಯೊಂದು ಹಲ್ಲುಗಳೊಳಕ್ಕೆ ನುಗ್ಗಿ, ಸೆಕೆಂಡಿನ ಸಾವಿರದಲ್ಲಿ ಐದು ಭಾಗದೊಳಗೆ ಬ್ಲೇಡನ್ನು ನಿಲ್ಲಿಸುವಂತೆ ಮಾಡಿದರು. ಬೆರಳು ಕಡಿಯಬೇಕಾದಲ್ಲಿ ಗೀರುಗಾಯವಾಗಿ ಮುಗಿಯುತ್ತದೆ. ದೊಡ್ಡ ತಯಾರಕರಾರೂ ಇದನ್ನು ತಮ್ಮ ಯಂತ್ರಗಳಿಗೆ ಅಳವಡಿಸಲು ಮುಂದೆ ಬರಲಿಲ್ಲ. ಗ್ಯಾಸ್ ಅವರು ತಾವೇ ಸಾ‌ಸ್ಟಾಪ್ ಎಂಬ ಕಂಪೆನಿಯನ್ನು ಕಟ್ಟಿ 2004ರಿಂದ ಮಾರತೊಡಗಿದರು. 2010ರಲ್ಲಿ ಬೋಸ್ಟನ್ನಿನಲ್ಲಿ ಗಾಯಾಳುವೊಬ್ಬನಿಗೆ ಜ್ಯೂರಿ 15 ಲಕ್ಷ ಡಾಲರ್ ಪರಿಹಾರ ಕೊಡಿಸಿದಾಗ ಅಲ್ಲಿ ನಡೆದ ವಾದದ ತಿರುಳು, ಸುರಕ್ಷತೆಯ ವಿದ್ಯೆ ತಿಳಿದಿದ್ದೂ ಅದನ್ನು ಬಳಸದೆ ಯಂತ್ರ ಮಾರಿದವನು ಹೊಣೆಗಾರನೋ ಅಲ್ಲವೋ ಎಂಬುದೇ ಆಗಿತ್ತು. ಅದೇ ವಿದ್ಯೆಯ ಪೇಟೆಂಟುಗಳು ಸ್ಪರ್ಧಿಗಳನ್ನು ದೂರವಿಡುವುದಕ್ಕೆ ಬಳಕೆಯಾದುವೆಂಬುದೂ ಈ ಕಥೆಯ ಅಷ್ಟೇನೂ ಹಿತವಲ್ಲದ ಭಾಗ. ನಮ್ಮ ಸೈಟಿನ ಬಡಗಿಗೆ ಆ ಯಂತ್ರ ಸದ್ಯಕ್ಕೆ ಎಟುಕದು. ಆ ವಾದ ಮಾತ್ರ ನಮಗೂ ಸಲ್ಲುತ್ತದೆ. ಗಾಯವಾದಾಗ ಅಲ್ಲಿ ಯಂತ್ರವನ್ನೂ ವಿಚಾರಣೆಗೆ ಎಳೆಯುತ್ತಾರೆ.

ನಮ್ಮಲ್ಲಿ ಬೆರಳಿಗೆ ಕಾನೂನು ಕಟ್ಟಿದ ಬೆಲೆ ಎಷ್ಟೆಂದು ಓದುಗರು ತಿಳಿದಿರುವುದು ಒಳ್ಳೆಯದು. 1923ರ ಕಾರ್ಮಿಕ ಪರಿಹಾರ ಕಾಯಿದೆ ತನ್ನ ಅನುಸೂಚಿಯಲ್ಲಿ ಹಾಕಿಟ್ಟಿದ್ದ ಲೆಕ್ಕದ ಪ್ರಕಾರ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ 30 ನಷ್ಟ. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಾದರೆ 12, ಉಂಗುರದ ಬೆರಳೋ ಕಿರುಬೆರಳೋ ಆದರೆ 7. ಉಳಿಯನ್ನು ಹಿಡಿದು ಕೆತ್ತುವವನಿಗೆ ತೋರುಬೆರಳಿನ ನಷ್ಟ ನೂರಕ್ಕೆ 14 ಎಂದು ಲೆಕ್ಕ ಹಾಕಿದವರು ಉಳಿ ಹಿಡಿದವರಾಗಿರಲಾರರು. ಈ ಅಲ್ಪವೂ ಉದ್ಯೋಗದಾತನೆಂಬುವನು ಯಾರೆಂದು ಗೊತ್ತಾದರೆ ಮಾತ್ರ ದೊರೆಯುವಂಥದು. ಮನೆಯ ಯಜಮಾನನು ಒಳಾಂಗಣದ ಕಂಪೆನಿಗೆ, ಕಂಪೆನಿ ಗುತ್ತಿಗೆದಾರನಿಗೆ, ಗುತ್ತಿಗೆದಾರನು ಮೇಸ್ತ್ರಿಗೆ, ಮೇಸ್ತ್ರಿ ಚದರಡಿಯ ಲೆಕ್ಕದಲ್ಲಿ ಬಡಗಿಗೆ ಎಂದು ಕೆಲಸವನ್ನು ದಾಟಿಸಿದ ಮೇಲೆ, ಹೊಣೆಯೂ ಹಾಗೆಯೇ ದಾಟುತ್ತ ದಾಟುತ್ತ ಕೊನೆಗೆ ಬೆರಳಿಲ್ಲದವನ ಬಳಿಯೇ ಬಂದು ಕುಳಿತುಕೊಳ್ಳುತ್ತದೆ. ಚದರಡಿಯ ಲೆಕ್ಕವೇ ಅವನನ್ನು ಅವಸರಪಡಿಸುತ್ತದೆಂಬುದನ್ನೂ ಮರೆಯಬಾರದು: ಗಾರ್ಡು ಹಾಕಿ ತೆಗೆಯುವ ನಿಮಿಷಗಳಿಗೆ ಅವನಿಗೆ ಯಾರೂ ಕೂಲಿ ಕೊಡುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಬಡಗಿಗಳೂ ಹೆಸರು ಬರೆಸಬಹುದು; 18ರಿಂದ 60 ವಯಸ್ಸಿನೊಳಗಿದ್ದು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದರೆ ಸಾಕು, ಅಪಘಾತಕ್ಕೆ ನೆರವು ಅಲ್ಲಿ ಉಂಟು. ಯಜಮಾನರು ಈ ಮಾತನ್ನು ತಮ್ಮ ಮನೆಗೆ ಬಂದ ಬಡಗಿಗೆ ತಿಳಿಸಿದರೂ ಉಪಕಾರವೇ.

ಇಷ್ಟಾಗಿಯೂ ಅನಾಹುತ ನಡೆದುಹೋದರೆ ಮಾಡತಕ್ಕದ್ದನ್ನು ಹತ್ತಿರವಿದ್ದವರೆಲ್ಲ ಅರಿತಿರಬೇಕು. ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಬಲವಾಗಿ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆತ್ತಬೇಕು. ತುಂಡಾದ ಬೆರಳನ್ನು ಒದ್ದೆಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ನೀರು ಹೋಗದಂತೆ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಡಬೇಕು. ಬೆರಳನ್ನು ನೇರವಾಗಿ ಮಂಜುಗಡ್ಡೆಯೊಳಗೆ ಹೂಳಿದರೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಅರಿಸಿನ, ಕಾಫಿಪುಡಿಗಳನ್ನು ಮೆತ್ತುವುದೂ ಕೂಡದು. 108ಕ್ಕೆ ಕರೆ ಮಾಡಿ, ಸೂಕ್ಷ್ಮ ರಕ್ತನಾಳಗಳನ್ನು ಹೊಲಿಯಬಲ್ಲ ಶಸ್ತ್ರವೈದ್ಯರಿರುವ ಆಸ್ಪತ್ರೆ ಯಾವುದೆಂದು ವಿಚಾರಿಸಿಕೊಂಡೇ ಹೊರಡಬೇಕು. ಕೆಲವು ಗಂಟೆಗಳೊಳಗೆ ತಲುಪಿದರೆ ಬೆರಳನ್ನು ಮತ್ತೆ ಜೋಡಿಸುವ ಸಂಭವವಿರುತ್ತದೆ.

ಐದಾರು ಲಕ್ಷ ರೂಪಾಯಿಯ ಅಡುಗೆಮನೆ ಮಾಡಿಸುವವರು ಕೀಲುಗಳು ಯಾವ ಕಂಪೆನಿಯವು, ಡ್ರಾಯರುಗಳು ಮೆತ್ತಗೆ ಮುಚ್ಚಿಕೊಳ್ಳುತ್ತವೆಯೋ ಇಲ್ಲವೋ ಎಂದು ಗುತ್ತಿಗೆದಾರನನ್ನು ಗಂಟೆಗಟ್ಟಲೆ ವಿಚಾರಿಸುತ್ತಾರೆ. ಅದೇ ಮಾತುಕತೆಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ಅವರು ಕೇಳಬೇಕೆಂಬುದೇ ನನ್ನ ಬಿನ್ನಹ: ನನ್ನ ಮನೆಯಲ್ಲಿ ಮರ ಕೊಯ್ಯುವ ಮೇಜು ಎಂಥದು? ಹಿಂಬದಿಯ ಪಟ್ಟಿ, ಗಾರ್ಡು, ತಳ್ಳುಗೋಲು, ಮುಂದುಗಡೆಯ ಕೆಂಪು ಗುಂಡಿ ಇರುವ ಯಂತ್ರವನ್ನೇ ತರಬೇಕೆಂದು ಕರಾರಿನಲ್ಲಿ ಒಂದು ಸಾಲು ಬರೆಸಿರಿ. ಅದಕ್ಕಾಗಿ ಕೇಳುವ ಹೆಚ್ಚಿನ ಬಾಡಿಗೆಯನ್ನು ಚೌಕಾಶಿಯಿಲ್ಲದೆ ಕೊಡಿರಿ. ಕೆಲಸ ಆರಂಭವಾದ ದಿನ ಹೋಗಿ ಆ ನಾಲ್ಕೂ ಇವೆಯೇ ಎಂದು ಕಣ್ಣಿಟ್ಟು ನೋಡಿರಿ, ಇಲ್ಲದಿದ್ದರೆ ಅವು ಬರುವವರೆಗೆ ಕೊಯ್ತವನ್ನು ನಿಲ್ಲಿಸಿರಿ.